ಸಂಬಳ, ಪಿಂಚಣಿ, ಕೂಲಿ: ಸಾಲಕ್ಕೆ ಎಷ್ಟು ಮುರಿದುಕೊಳ್ಳಬಹುದು?

ಮಲೆನಾಡಿನ ತಾಲ್ಲೂಕುಗಳಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟವನ್ನು ತೋಡಿಕೊಂಡಿವೆ. ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಹರಡಿದ ಮೇಲೆ ಕಂತು ತಪ್ಪಿದವರು, ಸ್ನೇಹಿತರಿಗೆ ಜಾಮೀನು ಹಾಕಿ ಸಿಕ್ಕಿಕೊಂಡವರು, ಖಾತೆಗೆ ಬಿದ್ದ ಪಿಂಚಣಿ ಅದೇ ದಿನ ಸಾಲಕ್ಕೆ ಜಮೆಯಾದದ್ದನ್ನು ಪಾಸ್‌ಬುಕ್‌ನಲ್ಲಿ ಕಂಡವರು ಬರೆದಿದ್ದಾರೆ. ಹೀಗಾಗಿ ಉಳಿದ ವಿಷಯಗಳ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರು, ಊರಿನ ಗುರುತು, ಬ್ಯಾಂಕು ಮತ್ತು ಸಂಘಗಳ ಹೆಸರುಗಳನ್ನು ಬಿಡಲಾಗಿದೆ.

ಉತ್ತರಗಳಿಗೆ ಹೋಗುವ ಮೊದಲು ಎಲ್ಲ ಪತ್ರಗಳಿಗೂ ಅನ್ವಯಿಸುವ ಒಂದು ಮಾತನ್ನು ಹೇಳಬೇಕಾಗಿದೆ. ಹಣ ಹೋಯಿತು ಎಂದು ತಿಳಿದ ಕೂಡಲೇ ನಾವು ಕೇಳಬೇಕಾದ ಮೊದಲ ಪ್ರಶ್ನೆ, ಅದು ಯಾವ ಕಾಗದದ ಬಲದ ಮೇಲೆ ಹೋಯಿತು ಎಂಬುದು. ನ್ಯಾಯಾಲಯದ ಜಪ್ತಿ ಆದೇಶದಿಂದ ಹೋಗಿರಬಹುದು. ಬ್ಯಾಂಕು ತನ್ನಲ್ಲೇ ಇರುವ ಖಾತೆಯಿಂದ ತಾನೇ ಮುರಿದುಕೊಂಡಿರಬಹುದು. ಅಥವಾ ಸಾಲ ಪಡೆಯುವ ದಿನ ನಾವೇ ಸಹಿ ಹಾಕಿಕೊಟ್ಟ ಒಪ್ಪಿಗೆ ಪತ್ರದಿಂದ ಹೋಗಿರಬಹುದು. ಈ ಮೂರಕ್ಕೂ ಪರಿಹಾರ ಬೇರೆ ಬೇರೆ, ಹೋಗಬೇಕಾದ ಕಚೇರಿಯೂ ಬೇರೆ. ಕಾಗದ ಯಾವುದೆಂದು ತಿಳಿಯದೆ ಕಚೇರಿಯಿಂದ ಕಚೇರಿಗೆ ಅಲೆದು ತಿಂಗಳುಗಳನ್ನು ಕಳೆದುಕೊಂಡವರನ್ನು ನಾನು ಬಹಳಷ್ಟು ಕಂಡಿದ್ದೇನೆ.

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಸಹಶಿಕ್ಷಕ. ಸಹೋದ್ಯೋಗಿಯೊಬ್ಬರು ಪತ್ತಿನ ಸಹಕಾರ ಸಂಘದಿಂದ ಪಡೆದ ಸಾಲಕ್ಕೆ ಜಾಮೀನು ಹಾಕಿದ್ದೆ. ಅವರು ಕಂತು ಕಟ್ಟುವುದನ್ನು ನಿಲ್ಲಿಸಿದ್ದಾರೆ. ಈಗ ನನ್ನ ಸಂಬಳವನ್ನು ಜಪ್ತಿ ಮಾಡುವ ಆದೇಶ ನ್ಯಾಯಾಲಯದಿಂದ ಮುಖ್ಯೋಪಾಧ್ಯಾಯರ ಕೈಗೆ ಬಂದಿದೆ. ನನ್ನ ಒಟ್ಟು ಸಂಬಳ 61,000 ರೂಪಾಯಿ. ಅದರಲ್ಲಿ ಗೃಹಸಾಲದ ಕಂತಿಗೇ 18,000 ರೂಪಾಯಿ ಹೋಗುತ್ತದೆ. ಸಾಲ ತಿಂದವರನ್ನು ಬಿಟ್ಟು ನನ್ನನ್ನು ಹಿಡಿಯಲು ಬರುತ್ತದೆಯೇ? ಎಷ್ಟು ಮುರಿಯಬಹುದು?

ಉತ್ತರ: ಹಿಡಿಯಲು ಬರುತ್ತದೆ ಎಂದು ಹೇಳಲು ನನಗೆ ಬೇಸರವಾಗುತ್ತದೆ, ಆದರೆ ಕಾನೂನು ಇರುವುದು ಹಾಗೆಯೇ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಮೊದಲು ಸಾಲಗಾರನ ಆಸ್ತಿಯನ್ನು ಹುಡುಕಿ, ಅಲ್ಲಿ ಸಿಗದಿದ್ದರೆ ಮಾತ್ರ ಜಾಮೀನುದಾರನ ಬಳಿಗೆ ಬರಬೇಕು ಎಂಬ ನಿಯಮ ಇಲ್ಲ. ಸಂಬಳ ಪ್ರತಿ ತಿಂಗಳು ನಿಶ್ಚಿತವಾಗಿ ಬರುವುದರಿಂದ ಸರ್ಕಾರಿ ನೌಕರನಾದ ಜಾಮೀನುದಾರನೇ ಸಂಘಗಳಿಗೆ ಸುಲಭದ ದಾರಿಯಾಗುತ್ತಾನೆ.

ಆದರೆ ಇಡೀ ಸಂಬಳಕ್ಕೆ ಕೈ ಹಾಕುವಂತಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಜಪ್ತಿಗೆ ಒಳಪಡದ ಹಣ ಮತ್ತು ವಸ್ತುಗಳ ಪಟ್ಟಿಯೇ ಇದೆ. ಸಂಬಳದ ಬಗ್ಗೆ ಅದು ಹೇಳುವುದೇನೆಂದರೆ, ಮೊದಲ 1,000 ರೂಪಾಯಿ ಮತ್ತು ಉಳಿದುದರಲ್ಲಿ ಮೂರನೇ ಎರಡು ಭಾಗ ನೌಕರನಿಗೇ ಸೇರಬೇಕು. ನಿಮ್ಮ ಲೆಕ್ಕದಲ್ಲಿ 61,000 ರೂಪಾಯಿಯಿಂದ 1,000 ಕಳೆದರೆ 60,000. ಅದರ ಮೂರನೇ ಎರಡು ಭಾಗವಾದ 40,000 ರೂಪಾಯಿಗೆ ರಕ್ಷಣೆ ಇದೆ. ಜಪ್ತಿಗೆ ಸಿಗುವುದು ಹೆಚ್ಚೆಂದರೆ ತಿಂಗಳಿಗೆ 20,000 ರೂಪಾಯಿ. ಇಲ್ಲಿ ಸಂಬಳವೆಂದರೆ ಕೈಗೆ ಬರುವ ಹಣವಲ್ಲ, ಒಟ್ಟು ಮಾಸಿಕ ವೇತನ. ಜಪ್ತಿಯಿಂದ ಮುಕ್ತವೆಂದು ಸರ್ಕಾರ ಅಧಿಸೂಚನೆ ಹೊರಡಿಸಿರುವ ಭತ್ಯೆಗಳನ್ನು ಮಾತ್ರ ಲೆಕ್ಕದಿಂದ ಹೊರಗಿಡಲಾಗುತ್ತದೆ. ಗೃಹಸಾಲದ ಕಂತು ನೀವೇ ಒಪ್ಪಿಕೊಂಡ ಹೊಣೆಯಾದ್ದರಿಂದ ಅದನ್ನು ಮೊದಲು ಕಳೆದು ಲೆಕ್ಕ ಹಾಕಿ ಎಂದು ಕೇಳಲು ಬರುವುದಿಲ್ಲ. ಇತರ ಕಡಿತಗಳನ್ನು ಬದಿಗಿಟ್ಟು ನೋಡಿದರೂ ಮನೆ ನಡೆಸಲು ಉಳಿಯುವುದು 23,000 ರೂಪಾಯಿ ಎಂಬುದು ನನಗೆ ಅರ್ಥವಾಗುತ್ತದೆ. ಆ ಕಷ್ಟವನ್ನು ನ್ಯಾಯಾಲಯದ ಮುಂದೆ ಅರ್ಜಿಯಲ್ಲಿ ಬರೆದು, ಇನ್ನೂ ಕಡಿಮೆ ಮೊತ್ತದ ಕಂತುಗಳಿಗಾಗಿ ವಿನಂತಿಸಬಹುದು. ಸಂಘ ಒಪ್ಪಿದರೆ ಅದು ಸಾಧ್ಯವಾಗುತ್ತದೆ.

ಇದೇ ಕಲಮಿನಲ್ಲಿರುವ ಇನ್ನೊಂದು ರಕ್ಷಣೆ ಅನೇಕರಿಗೆ ತಿಳಿದಿಲ್ಲ. ಸಂಬಳದ ಜಪ್ತಿ ಒಟ್ಟು 24 ತಿಂಗಳು ನಡೆದಿದ್ದರೆ, ಅದು ಬಿಡದೆ ನಡೆದಿರಲಿ ಬಿಟ್ಟು ಬಿಟ್ಟು ನಡೆದಿರಲಿ, ಮುಂದಿನ 12 ತಿಂಗಳು ಸಂಬಳವನ್ನು ಜಪ್ತಿ ಮಾಡುವಂತಿಲ್ಲ. ಆ 24 ತಿಂಗಳ ಜಪ್ತಿ ಒಂದೇ ಡಿಕ್ರಿಗಾಗಿ, ಅಂದರೆ ದಾವೆಯಲ್ಲಿ ನ್ಯಾಯಾಲಯ ಕೊಟ್ಟ ಒಂದೇ ತೀರ್ಪಿನ ಆದೇಶಕ್ಕಾಗಿ, ನಡೆದಿದ್ದರೆ, ಆ ಡಿಕ್ರಿಯ ಮಟ್ಟಿಗೆ ನಿಮ್ಮ ಸಂಬಳ ಶಾಶ್ವತವಾಗಿ ಮುಕ್ತವಾಗುತ್ತದೆ. ಸಾಲ ತೀರಿಹೋಯಿತು ಎಂದು ಇದರ ಅರ್ಥವಲ್ಲ. ಬೇರೆ ಆಸ್ತಿ ಇದ್ದರೆ ಅದರ ಮೇಲೆ ಹೋಗಬಹುದು. ಆದರೆ 25ನೇ ತಿಂಗಳು ಮುರಿಯುವುದು ತಾನಾಗಿ ನಿಲ್ಲುವುದಿಲ್ಲ. ಶಾಲೆಯಲ್ಲಿ ಗುಮಾಸ್ತರು ಬದಲಾಗಿರುತ್ತಾರೆ, ಮುಖ್ಯೋಪಾಧ್ಯಾಯರಿಗೆ ವರ್ಗವಾಗಿರುತ್ತದೆ, ಹಳೆಯ ಆದೇಶ ಕಡತದಲ್ಲಿ ಹಾಗೆಯೇ ಕುಳಿತಿರುತ್ತದೆ. ಕಡಿತ ಶುರುವಾದ ತಿಂಗಳಿಂದ ವೇತನ ಪಟ್ಟಿಯ ಪ್ರತಿಗಳನ್ನು ಇಟ್ಟುಕೊಳ್ಳಿ. ಅವಧಿ ತುಂಬುತ್ತಿದ್ದಂತೆ, ಡಿಕ್ರಿಯನ್ನು ಜಾರಿ ಮಾಡುವ ಅಮಲ್ಜಾರಿ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಆದೇಶವನ್ನು ತೆರವು ಮಾಡಿಸಿಕೊಳ್ಳಿ.

ಮುಖ್ಯೋಪಾಧ್ಯಾಯರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ ಎಂದೂ ಹೇಳಬೇಕು. ಸಂಹಿತೆಯ 21ನೇ ಆದೇಶದ 48ನೇ ನಿಯಮದಂತೆ ಬಟವಾಡೆ ಅಧಿಕಾರಿ, ಅಂದರೆ ಸಂಬಳ ಕೊಡುವ ಅಧಿಕಾರಿ, ಆ ಮೊತ್ತವನ್ನು ಹಿಡಿದು ನ್ಯಾಯಾಲಯಕ್ಕೆ ಕಳಿಸಲೇಬೇಕು. ಅದೇ ನಿಯಮ ನಿಮಗೂ ಒಂದು ಆಸರೆ ಕೊಡುತ್ತದೆ: ಜಪ್ತಿಗೆ ಸಿಗುವ ಭಾಗ ಒಂದು ಆದೇಶದಲ್ಲಿ ಆಗಲೇ ಹೋಗುತ್ತಿದ್ದರೆ, ಮತ್ತೊಬ್ಬ ಸಾಲಿಗನ (ಸಾಲ ಕೊಟ್ಟವನ) ಪರವಾದ ಆದೇಶ ಬಂದಾಗ ಅಧಿಕಾರಿ ಅದನ್ನು ವಿವರದೊಂದಿಗೆ ನ್ಯಾಯಾಲಯಕ್ಕೆ ಹಿಂದಿರುಗಿಸಬೇಕು. ಇಬ್ಬರು ಸಾಲಿಗರಿಗಾಗಿ 20,000 ರೂಪಾಯಿಯಂತೆ ಎರಡು ಸಲ ಮುರಿಯಲು ಬರುವುದಿಲ್ಲ.

ಕೊನೆಯದಾಗಿ, ನೀವು ತೆತ್ತದ್ದು ನೀರಿಗೆ ಹೋಗುವುದಿಲ್ಲ. ಸಾಲವನ್ನು ತೀರಿಸಿದ ಜಾಮೀನುದಾರನಿಗೆ ಸಾಲಿಗನ ಹಕ್ಕುಗಳೆಲ್ಲ ಬರುತ್ತವೆ ಎಂದು ಕರಾರು ಕಾಯ್ದೆಯ 140ನೇ ಕಲಮೂ, ತೆತ್ತದ್ದನ್ನು ಸಾಲಗಾರನಿಂದ ವಸೂಲು ಮಾಡಬಹುದು ಎಂದು 145ನೇ ಕಲಮೂ ಹೇಳುತ್ತವೆ. ಪ್ರತಿ ಕಡಿತಕ್ಕೂ ಸಂಘದಿಂದ ರಸೀದಿ ಪಡೆಯಿರಿ. ನಿಮ್ಮ ಸಹೋದ್ಯೋಗಿ ಇನ್ನೂ ಸೇವೆಯಲ್ಲಿದ್ದರೆ, ಅವರ ಸಂಬಳದ ಮೇಲೂ ಜಪ್ತಿ ಕೇಳುವಂತೆ ಸಂಘಕ್ಕೆ ಲಿಖಿತ ಪತ್ರವನ್ನು ಈಗಲೇ ಕೊಡಿ. ನೀವು ಕೇಳದೆ ಅವರು ಆ ತೊಂದರೆ ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ: ಹೊಸನಗರ ತಾಲ್ಲೂಕಿನಿಂದ ನನ್ನ ಅಜ್ಜಿಯ ಪರವಾಗಿ ಬರೆಯುತ್ತಿದ್ದೇನೆ. ಅಜ್ಜಿಗೆ ಸಂಧ್ಯಾ ಸುರಕ್ಷಾದ 1,200 ರೂಪಾಯಿ ಮತ್ತು ಗೃಹಲಕ್ಷ್ಮಿಯ 2,000 ರೂಪಾಯಿ ಒಂದೇ ಖಾತೆಗೆ ಬರುತ್ತವೆ. ಅಜ್ಜ ತೀರಿಕೊಂಡು ಕೆಲವು ವರ್ಷಗಳಾಗಿವೆ. ಅವರ ಬೆಳೆಸಾಲ ಅದೇ ಶಾಖೆಯಲ್ಲಿ ಬಾಕಿ ಇತ್ತು. ಈಗ ಅಜ್ಜಿಯ ಖಾತೆಗೆ ಬ್ಯಾಂಕಿನವರು ಹೋಲ್ಡ್ ಹಾಕಿದ್ದಾರೆ. ಕೇಳಿದರೆ "ಸಾಲ ಕಟ್ಟಿ, ತೆಗೆಯುತ್ತೇವೆ" ಎನ್ನುತ್ತಾರೆ. ಅಜ್ಜಿಯ ಔಷಧಿಗೆ ಈ ಹಣವೇ ಆಧಾರ.

ಉತ್ತರ: ಈ ಪತ್ರವನ್ನು ಓದಿ ನನಗೆ ಬಹಳ ನೋವಾಯಿತು. ಇಲ್ಲಿ ನ್ಯಾಯಾಲಯದ ಆದೇಶವಿಲ್ಲ, ನಿಮ್ಮ ಅಜ್ಜಿಯ ಸಹಿಯೂ ಇದ್ದಂತೆ ಕಾಣುವುದಿಲ್ಲ. ಬ್ಯಾಂಕು ತಾನೇ ತೀರ್ಮಾನಿಸಿ ಹಣವನ್ನು ತಡೆದಿದೆ.

ತನ್ನಲ್ಲಿ ಠೇವಣಿಯಾಗಿರುವ ಗ್ರಾಹಕನ ಹಣವನ್ನು ಅದೇ ಗ್ರಾಹಕನ ಬಾಕಿಗೆ ಹೊಂದಿಸಿಕೊಳ್ಳುವ ಹಕ್ಕು ಬ್ಯಾಂಕಿಗೆ ಸಾಮಾನ್ಯವಾಗಿ ಇದೆ. ಆದರೆ ಸಾಲವೂ ಖಾತೆಯೂ ಒಬ್ಬರದೇ ಆಗಿರಬೇಕು ಎಂಬುದು ಅದರ ಮೊದಲ ಷರತ್ತು. ಗಂಡನ ಸಾಲಕ್ಕೆ ಹೆಂಡತಿಯ ಖಾತೆಯನ್ನು ಹಿಡಿಯಲು, ಆಕೆ ಸಹಸಾಲಗಾರಳಾಗಿ ಅಥವಾ ಜಾಮೀನುದಾರಳಾಗಿ ಸಹಿ ಹಾಕಿರಬೇಕು. ಆದ್ದರಿಂದ ಮೊದಲ ಕೆಲಸವಾಗಿ ಸಾಲದ ದಾಖಲೆಗಳ ಪ್ರತಿಯನ್ನು ಲಿಖಿತವಾಗಿ ಕೇಳಿ. ಅಜ್ಜಿಯ ಹೆಬ್ಬೆಟ್ಟು ಅಥವಾ ಸಹಿ ಎಲ್ಲಿಯೂ ಇಲ್ಲವಾದರೆ ಹೋಲ್ಡ್‌ಗೆ ಆಧಾರವೇ ಇಲ್ಲ.

ಅಜ್ಜ ತೀರಿಕೊಂಡ ಮೇಲೆ ವಾರಸುದಾರರ ಹೊಣೆ ಏನು ಎಂದು ನೀವು ಕೇಳದಿದ್ದರೂ ಹೇಳುತ್ತೇನೆ, ಏಕೆಂದರೆ ಬ್ಯಾಂಕಿನವರು ಆ ಮಾತನ್ನು ಎತ್ತುವುದು ಖಂಡಿತ. ಸತ್ತವರ ಸಾಲಕ್ಕೆ ವಾರಸುದಾರರು, ಅವರಿಂದ ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆಗಾರರು. ಅಜ್ಜನ ಗದ್ದೆ, ತೋಟ ನಿಮ್ಮ ಹೆಸರಿಗೆ ಬಂದಿದ್ದರೆ ಆ ಆಸ್ತಿಯ ಮೇಲೆ ಬ್ಯಾಂಕಿಗೆ ಹಕ್ಕಿರಬಹುದು, ಅದನ್ನು ನಿರಾಕರಿಸಬೇಡಿ. ಆದರೆ ಸಂಧ್ಯಾ ಸುರಕ್ಷಾದ ಹಣ ಅಜ್ಜನಿಂದ ಬಂದ ಆಸ್ತಿಯಲ್ಲ. ಅದು ವೃದ್ಧೆಯೊಬ್ಬಳ ಜೀವನಕ್ಕೆಂದು ಸರ್ಕಾರ ನೇರವಾಗಿ ಆಕೆಗೆ ಕೊಡುವ ಹಣ. 2023ರ ಆಗಸ್ಟ್‌ನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿಯೂ ಮನೆಯ ಯಜಮಾನಿಯ ಕೈಗೆಂದೇ ಬರುವ ಹಣ. 2024ರಲ್ಲಿ ಬರ ಪರಿಹಾರದ ಹಣವನ್ನು ಕೆಲವು ಬ್ಯಾಂಕುಗಳು ರೈತರ ಸಾಲಕ್ಕೆ ಜಮೆ ಮಾಡಿಕೊಂಡಾಗ, ಇಂಥ ಹಣವನ್ನು ಸಾಲಕ್ಕೆ ಹೊಂದಿಸಿಕೊಳ್ಳಬಾರದು ಎಂದು ರಾಜ್ಯ ಸರ್ಕಾರ ಬ್ಯಾಂಕುಗಳಿಗೆ ಸ್ಪಷ್ಟವಾಗಿ ಸೂಚಿಸಿತ್ತು. ಶಾಖೆಯಲ್ಲಿ ಮಾತನಾಡುವಾಗ ಅದನ್ನು ನೆನಪಿಸಿ.

ಮಾತನಾಡುವುದಷ್ಟೇ ಸಾಲದು. ಶಾಖಾ ವ್ಯವಸ್ಥಾಪಕರಿಗೆ ಅಜ್ಜಿಯ ಹೆಸರಿನಲ್ಲಿ ಒಂದು ಪತ್ರ ಬರೆಯಿರಿ: ಖಾತೆಗೆ ಬರುತ್ತಿರುವುದು ಯಾವ ಯಾವ ಯೋಜನೆಯ ಹಣ, ಎಂದಿನಿಂದ ತಡೆಯಲಾಗಿದೆ, ಯಾವ ಆದೇಶದ ಮೇಲೆ ತಡೆಯಲಾಗಿದೆ ಎಂಬುದನ್ನು ತಿಳಿಸಿ, ಹೋಲ್ಡ್ ತೆಗೆದು ಹಣವನ್ನು ಬಿಡುಗಡೆ ಮಾಡಬೇಕು ಎಂದು ಕೋರಿ. ಪಾಸ್‌ಬುಕ್‌ನ ನಕಲು ಮತ್ತು ಪಿಂಚಣಿ ಮಂಜೂರಾತಿ ಆದೇಶದ ನಕಲನ್ನು ಲಗತ್ತಿಸಿ. ನಿಮ್ಮ ಪ್ರತಿಯ ಮೇಲೆ ಶಾಖೆಯ ಮೊಹರು ಮತ್ತು ದಿನಾಂಕದ ಸ್ವೀಕೃತಿ ಪಡೆಯದೆ ಅಲ್ಲಿಂದ ಏಳಬೇಡಿ. ಸ್ವೀಕೃತಿ ಕೊಡಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಪತ್ರದ ಒಂದೊಂದು ಪ್ರತಿ ತಹಶೀಲ್ದಾರರಿಗೂ, ಗೃಹಲಕ್ಷ್ಮಿಯ ವಿಷಯಕ್ಕೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೂ, ಶಿವಮೊಗ್ಗದಲ್ಲಿರುವ ಜಿಲ್ಲಾ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೂ ಹೋಗಲಿ. ಬಹುಪಾಲು ಪ್ರಕರಣಗಳು ಇಷ್ಟರಲ್ಲೇ ಬಗೆಹರಿಯುತ್ತವೆ. ಶಾಖೆಯ ಸಿಬ್ಬಂದಿಗೆ ಮೇಲಿನಿಂದ ಒಂದು ಕರೆ ಬಂದರೆ ಸಾಕಾಗಿರುತ್ತದೆ.

ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 14448 ಸಂಖ್ಯೆಗೆ ಕರೆ ಮಾಡಿದರೆ ದೂರು ಕೊಡುವ ಕ್ರಮವನ್ನು ತಿಳಿಸುತ್ತಾರೆ. ಅಷ್ಟರವರೆಗೆ ಅಜ್ಜಿಯ ಔಷಧಿ ನಿಲ್ಲಬಾರದಲ್ಲವೇ? ಸಾಲದ ಸಂಬಂಧವಿಲ್ಲದ ಬೇರೆ ಬ್ಯಾಂಕಿನಲ್ಲಿ ಅಥವಾ ಅಂಚೆ ಕಚೇರಿಯಲ್ಲಿ ಅಜ್ಜಿಗೆ ಹೊಸ ಖಾತೆ ತೆರೆಸಿ, ಆಧಾರ್ ಜೋಡಣೆಯನ್ನು ಅದಕ್ಕೆ ಬದಲಿಸಿ. ಮುಂದಿನ ಕಂತುಗಳು ಅಲ್ಲಿಗೆ ಬರುವಂತಾಗಲಿ. ಇದು ತಪ್ಪಿಸಿಕೊಳ್ಳುವ ಉಪಾಯವಲ್ಲ. ಯಾವ ಖಾತೆಗೆ ತನ್ನ ಪಿಂಚಣಿ ಬರಬೇಕು ಎಂದು ಆರಿಸಿಕೊಳ್ಳುವುದು ಆಕೆಯ ಹಕ್ಕು.

ಪ್ರಶ್ನೆ: ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾಗಿದ್ದೇನೆ. ಗ್ರಾಚ್ಯುಟಿ ಮತ್ತು ಭವಿಷ್ಯ ನಿಧಿಯ ಹಣವನ್ನು ನಿಶ್ಚಿತ ಠೇವಣಿಯಲ್ಲಿ ಇಟ್ಟಿದ್ದೇನೆ. ಮಗನ ವ್ಯಾಪಾರದ ಸಾಲಕ್ಕೆ ಜಾಮೀನು ಹಾಕಿದ್ದರಿಂದ ಈಗ ಆ ಠೇವಣಿಯನ್ನು ಜಪ್ತಿ ಮಾಡಲು ಅರ್ಜಿ ಹಾಕಿದ್ದಾರೆ. ಖಾತೆಗೆ ಬಂದ ಮೇಲೆ ಅದು ಸಾಮಾನ್ಯ ಹಣವೇ ಎಂದು ಎದುರಿನ ವಕೀಲರು ಹೇಳುತ್ತಿದ್ದಾರಂತೆ.

ಉತ್ತರ: ಪಿಂಚಣಿ ಮತ್ತು ಗ್ರಾಚ್ಯುಟಿಯ ವಿಷಯದಲ್ಲಿ ಅವರ ವಾದ ನಿಲ್ಲುವುದಿಲ್ಲ. ರಾಧೇಶ್ಯಾಮ್ ಗುಪ್ತ ಮತ್ತು ಪಂಜಾಬ್ ನ್ಯಾಷನಲ್ ಬ್ಯಾಂಕ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಈ ಪ್ರಶ್ನೆಯನ್ನೇ ತೀರ್ಮಾನಿಸಿದೆ. ಪಿಂಚಣಿ, ಗ್ರಾಚ್ಯುಟಿಯಂಥ ನಿವೃತ್ತಿ ಸೌಲಭ್ಯಗಳು ನೌಕರನ ಕೈ ಸೇರಿದ ಮೇಲೂ ತಮ್ಮ ಸ್ವರೂಪವನ್ನು ಕಳೆದುಕೊಳ್ಳುವುದಿಲ್ಲ, 60ನೇ ಕಲಮಿನ ರಕ್ಷಣೆ ಅವುಗಳಿಗೆ ಮುಂದುವರಿಯುತ್ತದೆ ಎಂದು ಅದು ಹೇಳಿತು. ಈ ರಕ್ಷಣೆ ಸರ್ಕಾರಿ ನೌಕರರಿಗೆ ಮಾತ್ರ ಸೀಮಿತವೂ ಅಲ್ಲ. ಸರ್ಕಾರ, ಸ್ಥಳೀಯ ಸಂಸ್ಥೆ "ಅಥವಾ ಬೇರೆ ಯಾವುದೇ ಉದ್ಯೋಗದಾತ" ಎಂಬ ಮಾತು ಕಲಮಿನಲ್ಲೇ ಇದೆ. ಭವಿಷ್ಯ ನಿಧಿಯಲ್ಲಿರುವ ಹಣಕ್ಕೆ ಅದೇ ಕಲಮಿನ ಬೇರೊಂದು ಖಂಡದಲ್ಲಿ ರಕ್ಷಣೆ ಇದೆ. ಆದರೆ ನಿಧಿಯಿಂದ ಹೊರಬಂದು ಠೇವಣಿಯಾದ ಮೇಲೆ ಆ ಭಾಗಕ್ಕೆ ವಾದ ಹೆಚ್ಚು ಬಿಗಿಯಾಗಿ ಮಂಡಿಸಬೇಕಾಗುತ್ತದೆ. ನಿಮ್ಮ ವಕೀಲರಿಗೆ ಇದನ್ನು ಹೇಳಿ.

ನೀವು ಮಾಡಬೇಕಾದದ್ದು ಹಣದ ಮೂಲವನ್ನು ಕಾಗದದಲ್ಲಿ ತೋರಿಸುವುದು. ಕಾರ್ಖಾನೆ ಕೊಟ್ಟ ಲೆಕ್ಕದ ಪತ್ರ, ಖಾತೆಗೆ ಗ್ರಾಚ್ಯುಟಿ ಜಮೆಯಾದ ದಿನದ ನಮೂದು, ಅಲ್ಲಿಂದ ಠೇವಣಿಗೆ ಹೋದ ನಮೂದು ಇವು ಒಂದರ ಹಿಂದೆ ಒಂದು ಕೂಡಿಬರಬೇಕು. ಅಡಿಕೆ ಮಾರಿದ ಹಣ, ಸೈಟು ಮಾರಿದ ಹಣ ಎಲ್ಲವೂ ಅದೇ ಖಾತೆಯಲ್ಲಿ ಕಲಸಿಹೋಗಿದ್ದರೆ ನಿಮ್ಮ ಕೆಲಸ ಕಷ್ಟವಾಗುತ್ತದೆ. ನಿವೃತ್ತರಾಗಲಿರುವ ಓದುಗರಿಗೆ ನನ್ನ ಕಳಕಳಿಯ ವಿನಂತಿ ಇದು: ನಿವೃತ್ತಿಯ ಹಣಕ್ಕೆ ಪ್ರತ್ಯೇಕ ಖಾತೆಯನ್ನೇ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆ ಇದೆ. ಠೇವಣಿಯ ರಸೀದಿಯನ್ನೇ ಮಗನ ಸಾಲಕ್ಕೆ ಆಧಾರವಾಗಿ ಬ್ಯಾಂಕಿಗೆ ಬರೆದುಕೊಟ್ಟಿದ್ದರೆ ಪ್ರಶ್ನೆ ಬೇರೆಯಾಗುತ್ತದೆ, ಏಕೆಂದರೆ ಆಗ ಬ್ಯಾಂಕು ಜಪ್ತಿಯನ್ನಲ್ಲ, ನೀವು ಕೊಟ್ಟ ಆಧಾರವನ್ನು ಅವಲಂಬಿಸುತ್ತದೆ. ಬರೀ ಜಾಮೀನು ಪತ್ರದಲ್ಲಿ "ನನಗಿರುವ ವಿನಾಯಿತಿಗಳನ್ನು ಬಿಟ್ಟುಕೊಟ್ಟಿದ್ದೇನೆ" ಎಂದು ಅಚ್ಚು ಹಾಕಿಸಿ ಸಹಿ ಪಡೆದಿದ್ದರೆ ಅದಕ್ಕೆ ಹೆದರಬೇಕಾಗಿಲ್ಲ. 60ನೇ ಕಲಮಿನ ವಿನಾಯಿತಿಯನ್ನು ಬಿಟ್ಟುಕೊಡುವ ಒಪ್ಪಂದ ಅಸಿಂಧು ಎಂದು ಅದೇ ಕಲಮಿನ 1ಎ ಉಪಕಲಮು ಹೇಳುತ್ತದೆ.

ಪ್ರಶ್ನೆ: ತೀರ್ಥಹಳ್ಳಿ ಕಡೆ ತೋಟಗಳಲ್ಲಿ ಕೂಲಿ ಮಾಡುತ್ತೇನೆ. ನಾವು ಹತ್ತು ಹೆಂಗಸರು ಗುಂಪಿನಲ್ಲಿ ಫೈನಾನ್ಸ್ ಸಾಲ ತೆಗೆದಿದ್ದೆವು. ಮಳೆಗಾಲದಲ್ಲಿ ಕೆಲಸ ಸಿಗದೆ ಎರಡು ಕಂತು ಬಾಕಿಯಾಗಿದೆ. ವಸೂಲಿಗೆ ಬರುವವರು ರಾತ್ರಿ ಮನೆ ಮುಂದೆ ಕೂರುತ್ತಾರೆ. ತೋಟದ ಯಜಮಾನರಿಗೆ ಹೇಳಿ ಕೂಲಿಯನ್ನೇ ಹಿಡಿಸುತ್ತೇವೆ, ರೇಷನ್ ಕಾರ್ಡು ರದ್ದು ಮಾಡಿಸುತ್ತೇವೆ, ಜೈಲಿಗೆ ಹಾಕಿಸುತ್ತೇವೆ ಎನ್ನುತ್ತಾರೆ.

ಉತ್ತರ: ತಾಯೀ, ಅವರು ಹೇಳುತ್ತಿರುವ ಮೂರರಲ್ಲಿ ಒಂದನ್ನೂ ಮಾಡಲು ಅವರಿಗೆ ಅಧಿಕಾರವಿಲ್ಲ.

ಕೂಲಿಕಾರರ ಮತ್ತು ಮನೆಗೆಲಸದವರ ಕೂಲಿಯನ್ನು ನ್ಯಾಯಾಲಯವೂ ಜಪ್ತಿ ಮಾಡುವಂತಿಲ್ಲ. ಅದು ಹಣದ ರೂಪದಲ್ಲಿರಲಿ, ಅಕ್ಕಿ ಭತ್ತದ ರೂಪದಲ್ಲಿರಲಿ, ಪೂರ್ತಿಯಾಗಿ ನಿಮ್ಮದು. ಸಂಬಳಕ್ಕೆ ಇರುವಂತೆ ಇಲ್ಲಿ ಮೂರನೇ ಒಂದು ಭಾಗ ಎಂಬ ಲೆಕ್ಕವೂ ಇಲ್ಲ. ಬೋನಸ್ ಕೂಡ ಕೂಲಿಯಲ್ಲಿ ಸೇರುತ್ತದೆ. ನ್ಯಾಯಾಲಯಕ್ಕೇ ಇಲ್ಲದ ಅಧಿಕಾರ ವಸೂಲಿಗೆ ಬಂದವರಿಗೆ ಎಲ್ಲಿಂದ ಬರಬೇಕು? ತೋಟದ ಯಜಮಾನರು ಅವರ ಮಾತು ಕೇಳಿ ಕೂಲಿ ಹಿಡಿದರೆ ಅದು ಯಜಮಾನರ ತಪ್ಪಾಗುತ್ತದೆ. ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಬಹುದು. ಉಟ್ಟ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ, ಮಾಂಗಲ್ಯ ಇವುಗಳನ್ನೂ ಜಪ್ತಿ ಮಾಡುವಂತಿಲ್ಲ. ಹಣದ ಡಿಕ್ರಿಗಾಗಿ ಹೆಂಗಸನ್ನು ಬಂಧಿಸಿ ಸಿವಿಲ್ ಜೈಲಿಗೆ ಕಳಿಸಬಾರದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಮಿನಲ್ಲಿ ನೇರವಾಗಿ ಬರೆದಿದೆ. ರೇಷನ್ ಕಾರ್ಡಿಗೂ ಖಾಸಗಿ ಸಾಲಕ್ಕೂ ಯಾವ ಸಂಬಂಧವೂ ಇಲ್ಲ.

ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಯಾಗಿದ್ದರೆ, ಅದರವರು ಕಿರುಸಾಲದ ವಸೂಲಿಗಾಗಿ ಬೆಳಿಗ್ಗೆ 9 ಗಂಟೆಗೆ ಮೊದಲು ಅಥವಾ ಸಂಜೆ 6 ಗಂಟೆಯ ನಂತರ ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ, ನೆಂಟರಿಷ್ಟರನ್ನು ಪೀಡಿಸುವಂತಿಲ್ಲ, ಕಟ್ಟದಿದ್ದರೆ ಏನಾಗುತ್ತದೆ ಎಂಬ ಬಗ್ಗೆ ಸುಳ್ಳು ಹೇಳುವಂತಿಲ್ಲ. ಇವೆಲ್ಲ ರಿಸರ್ವ್ ಬ್ಯಾಂಕಿನ ನಿರ್ದೇಶನಗಳಲ್ಲಿವೆ. ಇನ್ನು ಎಲ್ಲಿಯೂ ನೋಂದಣಿ ಇಲ್ಲದೆ ಸಾಲ ಕೊಡುವವರಾಗಿದ್ದರೆ, ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯಾಗಿ ತಂದು ಬಳಿಕ ಕಾಯ್ದೆ ಮಾಡಿದ ಕಾನೂನು ಇದೆ; ಅದರಲ್ಲಿ 10 ವರ್ಷಗಳವರೆಗೆ ಜೈಲು ಮತ್ತು 5 ಲಕ್ಷ ರೂಪಾಯಿಗಳವರೆಗೆ ದಂಡಕ್ಕೆ ಅವಕಾಶವಿದೆ. ರಾತ್ರಿ ಮನೆ ಮುಂದೆ ಬಂದು ಕೂತರೆ ಪೊಲೀಸರಿಗೆ ತಿಳಿಸಲು ಹಿಂಜರಿಯಬೇಡಿ. ಹತ್ತೂ ಜನ ಒಟ್ಟಾಗಿ ಹೋಗಿ.

ಸಾಲ ಸುಳ್ಳಲ್ಲ, ಅದನ್ನು ತೀರಿಸಬೇಕು ಎಂಬುದು ನಿಮಗೂ ಗೊತ್ತಿದೆ, ನಿಮ್ಮ ಪತ್ರದಲ್ಲೇ ಅದು ಕಾಣುತ್ತದೆ. ಅಡಿಕೆಯ ಕೊನೆಗೊಯ್ಲಿನ ಕೆಲಸ ಶುರುವಾದ ಮೇಲೆ ಬಾಕಿ ಕಂತುಗಳನ್ನು ಹೇಗೆ ಕಟ್ಟುತ್ತೀರಿ ಎಂಬುದನ್ನು ಬರೆದು ಸಂಸ್ಥೆಯ ಕಚೇರಿಗೆ ಕೊಡಿ. ತೀರ್ಥಹಳ್ಳಿಯ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯವರು ಆ ಪತ್ರವನ್ನು ಬರೆಯಲು ನೆರವಾಗುತ್ತಾರೆ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ. 15100 ಸಂಖ್ಯೆಗೂ ಕರೆ ಮಾಡಬಹುದು.

ಪ್ರಶ್ನೆ: ಸೊರಬದ ರೈತ. ಸಹಕಾರ ಸಂಘದವರು ಬೆಳೆಸಾಲಕ್ಕೆ ನನ್ನ ಫಸಲು ಮಾರಿದ ಹಣದಿಂದಲೇ ಮುರಿದುಕೊಂಡರು. ಇದಕ್ಕೂ ಸಂಬಳದಂತೆ ಮಿತಿ ಇದೆಯೇ?

ಉತ್ತರ: ಇಲ್ಲ. ಫಸಲಿನ ಹಣ ಕೂಲಿಯೂ ಅಲ್ಲ, ಸಂಬಳವೂ ಅಲ್ಲ. ಸಂಘದ ಸಾಲದಿಂದ ಬೆಳೆದ ಬೆಳೆಯ ಮೇಲೆ ಸಂಘಕ್ಕೆ ಮೊದಲ ಹಕ್ಕು ಇರುತ್ತದೆ, ಸಾಲದ ಪತ್ರದಲ್ಲಿ ನಿಮ್ಮ ಒಪ್ಪಿಗೆಯೂ ಇರುತ್ತದೆ. ಲೆಕ್ಕದಲ್ಲಿ ವ್ಯತ್ಯಾಸವಿದ್ದರೆ ನಿಮ್ಮ ಉಪವಿಭಾಗದ ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ದೂರು ಕೊಡಿ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ದಾವೆಯನ್ನೂ ಹೂಡಬಹುದು. ಡಿಕ್ರಿಯ ಜಪ್ತಿಯ ಮಾತು ಬಂದಾಗ ಮಾತ್ರ ರೈತನ ಉಳುಮೆಯ ಸಲಕರಣೆ, ಬೇಸಾಯಕ್ಕೆ ಬೇಕಾದ ದನಕರು ಮತ್ತು ಬಿತ್ತನೆ ಬೀಜ, ಹಾಗೂ ರೈತ ತಾನೇ ವಾಸವಿರುವ ಮನೆಗೆ ರಕ್ಷಣೆ ಸಿಗುತ್ತದೆ. ಮನೆಯನ್ನು ಅಡವಿಟ್ಟಿದ್ದರೆ ಆ ರಕ್ಷಣೆ ಇರುವುದಿಲ್ಲ.

ಪ್ರಶ್ನೆ: ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಸರ್ಕಾರಿ ನೌಕರರೊಬ್ಬರಿಗೆ ಮಗಳ ಮದುವೆಗೆಂದು 3 ಲಕ್ಷ ರೂಪಾಯಿ ಕೈಸಾಲ ಕೊಟ್ಟಿದ್ದೆ. ಬರೆದುಕೊಟ್ಟ ಪ್ರಾಮಿಸರಿ ನೋಟು ಇದೆ. ಎರಡು ವರ್ಷದಿಂದ ಇಂದು ನಾಳೆ ಎನ್ನುತ್ತಿದ್ದಾರೆ. ಅವರ ಕಚೇರಿಗೆ ಹೋಗಿ ಮೇಲಧಿಕಾರಿಗೆ ಹೇಳಿ ಸಂಬಳ ಹಿಡಿಸಬಹುದೇ?

ಉತ್ತರ: ನಂಬಿ ಕೊಟ್ಟ ಹಣ ಬಾರದೆ ಇರುವವರ ಕಷ್ಟವೂ ಕಷ್ಟವೇ, ಈ ಅಂಕಣ ಸಾಲಗಾರರ ಪರವಾಗಿ ಮಾತ್ರ ಇರುವುದಲ್ಲ. ಆದರೆ ಮೇಲಧಿಕಾರಿಗೆ ನಿಮ್ಮ ಮಾತಿನ ಮೇಲೆ ಸಂಬಳ ಹಿಡಿಯುವ ಅಧಿಕಾರವಿಲ್ಲ. ಕಚೇರಿಗೆ ಹೋಗಿ ಗಲಾಟೆ ಮಾಡಿದರೆ ನಿಮ್ಮ ಮೇಲೆಯೇ ದೂರು ಬೀಳಬಹುದು.

ಮೊದಲು ದಿನಾಂಕ ನೋಡಿ. ಕೇಳಿದ ಕೂಡಲೇ ಕೊಡತಕ್ಕ ಪ್ರಾಮಿಸರಿ ನೋಟಾದರೆ ಅದರ ದಿನಾಂಕದಿಂದ ಮೂರು ವರ್ಷಗಳೊಳಗೆ ದಾವೆ ಹೂಡಬೇಕು; ನಡುವೆ ಅವರು ಸ್ವಲ್ಪ ಹಣ ಕೊಟ್ಟು ಬರೆದಿದ್ದರೆ ಅಥವಾ ಸಾಲವನ್ನು ಲಿಖಿತವಾಗಿ ಒಪ್ಪಿಕೊಂಡಿದ್ದರೆ ಅಲ್ಲಿಂದ ಹೊಸದಾಗಿ ಎಣಿಕೆ ಶುರುವಾಗುತ್ತದೆ. ಎರಡು ವರ್ಷ ಕಳೆದಿರುವ ನಿಮಗೆ ಇನ್ನು ಕಾಯಲು ಸಮಯವಿಲ್ಲ. ವಕೀಲರ ಮೂಲಕ ನೋಟಿಸು ಕೊಟ್ಟು ದಾವೆ ಹೂಡಿ. ಡಿಕ್ರಿಯಾದ ಮೇಲೆ ಅಮಲ್ಜಾರಿ ಅರ್ಜಿಯಲ್ಲಿ ಅವರ ಹುದ್ದೆ, ಬಟವಾಡೆ ಅಧಿಕಾರಿ ಯಾರು, ಒಟ್ಟು ವೇತನ ಎಷ್ಟು ಎಂಬುದನ್ನು ಬರೆದು ಸಂಬಳ ಜಪ್ತಿಗೆ ಕೋರಬಹುದು. ಅವರಿಗೆ ಬೇರೆ ಊರಿಗೆ ವರ್ಗವಾದರೂ ಅಡ್ಡಿಯಿಲ್ಲ, ಬಟವಾಡೆ ಅಧಿಕಾರಿ ಎಲ್ಲಿದ್ದರೂ ಆದೇಶವನ್ನು ಕಳಿಸಬಹುದು. ಮೊದಲ ಉತ್ತರದಲ್ಲಿ ಹೇಳಿದ 24 ತಿಂಗಳ ಮಿತಿ ನಿಮಗೂ ಅನ್ವಯಿಸುವುದರಿಂದ, ಅವರ ನಿವೃತ್ತಿ ಎಂದು ಎಂಬುದನ್ನೂ ವಿಚಾರಿಸಿಕೊಳ್ಳಿ. ನಿವೃತ್ತರಾದ ಮೇಲೆ ಪಿಂಚಣಿ ನಿಮ್ಮ ಕೈಗೆ ಸಿಗುವುದಿಲ್ಲ.

ನನ್ನ ಸಲಹೆ ಕೇಳಿದರೆ, ದಾವೆ ಹೂಡಿದ ಮೇಲೆ ಲೋಕ ಅದಾಲತ್‌ನಲ್ಲಿ ಕಂತುಗಳಿಗೆ ಒಪ್ಪಿಕೊಳ್ಳಿ. ಅಲ್ಲಿನ ತೀರ್ಪು ಡಿಕ್ರಿಯಷ್ಟೇ ಬಲವುಳ್ಳದ್ದು, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ವಾಪಸು ಬರುತ್ತದೆ.

ಪ್ರಶ್ನೆ: ನನ್ನ ತಂಗಿಗೆ ಅವಳ ಗಂಡ ಜೀವನಾಂಶ ಕೊಡಬೇಕೆಂದು ಡಿಕ್ರಿಯಾಗಿದೆ. ಅವನು ಸಂಬಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮುರಿಯುವಂತಿಲ್ಲ ಎನ್ನುತ್ತಾನೆ.

ಉತ್ತರ: ಅವನ ಮಾತು ತಪ್ಪು. ಜೀವನಾಂಶದ ಡಿಕ್ರಿಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ಷಣೆ. ಉಳಿದ ಮೂರನೇ ಎರಡು ಭಾಗದವರೆಗೆ ಜಪ್ತಿ ಮಾಡಬಹುದು. ಇತ್ತ, ನಿಮ್ಮ ತಂಗಿಗೆ ಮುಂದೆ ಬರಬೇಕಾದ ಜೀವನಾಂಶದ ಹಕ್ಕನ್ನು ಅವಳ ಯಾವ ಸಾಲಿಗನೂ ಜಪ್ತಿ ಮಾಡಿಸುವಂತಿಲ್ಲ.

ಪ್ರಶ್ನೆ: ಶಿಕಾರಿಪುರದವನು, ಶಿವಮೊಗ್ಗದ ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ಸಂಬಳ ಜಪ್ತಿಯ ಆದೇಶ ಬಂದ ಮೇಲೆಯೇ ನನ್ನ ಮೇಲೆ ದಾವೆ ಇತ್ತು ಎಂಬುದು ತಿಳಿಯಿತು. ಸಮನ್ಸು ನನಗೆ ಬಂದೇ ಇಲ್ಲ. ಹಳೆಯ ವಿಳಾಸಕ್ಕೆ ಹೋಗಿತ್ತಂತೆ.

ಉತ್ತರ: ಖಾಸಗಿ ನೌಕರರ ಸಂಬಳವನ್ನೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 48ಎ ನಿಯಮದಡಿ ಜಪ್ತಿ ಮಾಡಬಹುದು, ಮಿತಿ ಸರ್ಕಾರಿ ನೌಕರರಿಗೆ ಇರುವಷ್ಟೇ. ಆದರೆ ನಿಮ್ಮ ವಿಷಯದಲ್ಲಿ ಜಪ್ತಿಗಿಂತ ಮೊದಲು ನೋಡಬೇಕಾದದ್ದು ಏಕಪಕ್ಷೀಯ ಡಿಕ್ರಿಯನ್ನು, ಅಂದರೆ ನೀವು ಹಾಜರಿಲ್ಲದೆಯೇ ಆದ ಡಿಕ್ರಿಯನ್ನು. ಸಮನ್ಸು ಸರಿಯಾಗಿ ಜಾರಿಯಾಗಿರಲಿಲ್ಲ ಎಂದು ತೋರಿಸಿ ಅದನ್ನು ರದ್ದುಪಡಿಸುವಂತೆ 9ನೇ ಆದೇಶದ 13ನೇ ನಿಯಮದಡಿ ಅರ್ಜಿ ಹಾಕಬಹುದು. ಡಿಕ್ರಿಯ ವಿಷಯ ನಿಮಗೆ ತಿಳಿದ ದಿನದಿಂದ 30 ದಿನಗಳೊಳಗೆ ಹಾಕಬೇಕು. ತಿಳಿದದ್ದು ಯಾವಾಗ ಎಂಬುದಕ್ಕೆ ಕಚೇರಿಗೆ ಬಂದ ಜಪ್ತಿ ಆದೇಶದ ಪ್ರತಿ ಮತ್ತು ಅದು ನಿಮ್ಮ ಕೈಸೇರಿದ ದಿನಾಂಕವೇ ಸಾಕ್ಷಿಯಾಗುವುದರಿಂದ ಮೊದಲು ಅದನ್ನು ಪಡೆದುಕೊಳ್ಳಿ. ಆಗ ನೀವು ಬೇರೆಡೆ ವಾಸವಿದ್ದಿರಿ ಎಂಬುದಕ್ಕೆ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಮತದಾರರ ಗುರುತಿನ ಚೀಟಿ ಯಾವುದಿದ್ದರೂ ಜೊತೆಗಿಡಿ. ಅರ್ಜಿ ಹಾಕಿದ ಮಾತ್ರಕ್ಕೆ ಕಡಿತ ನಿಲ್ಲುವುದಿಲ್ಲ, ಅಮಲ್ಜಾರಿಗೆ ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ ಕೇಳಬೇಕು. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಆ 30 ದಿನಗಳಲ್ಲಿ ಎಷ್ಟು ಕಳೆದಿರುತ್ತದೋ ತಿಳಿಯದು. ಓದಿದ ದಿನವೇ ಆದೇಶದ ಪ್ರತಿಯೊಂದಿಗೆ ಶಿವಮೊಗ್ಗ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕಾದರೂ, ನಿಮ್ಮ ವಕೀಲರಲ್ಲಿಗಾದರೂ ಹೋಗಿ.